ದೇವರ ಬುತ್ತಿ

ಮೊನ್ನೆ ಚಳಿ ಬಿತ್ತೆಂದು ಅಟ್ಟದ ಮೇಲಿನ ಟ್ರಂಕು ತೆಗೆದು ಕೌದಿಗಳನ್ನು ಕೆಳಗಿಳಿಸುತ್ತಿದ್ದೆ. ಕೌದಿಗಳ ನಡುವೆ ಮಡಚಿಟ್ಟ ಒಂದು ಕೆಂಪು ರೇಷ್ಮೆಯ ತುಂಡು ಸಿಕ್ಕಿತು. ಮೂಗಿಗೆ ಹಿಡಿದೆ. ನಾಲ್ಕು ವರ್ಷವಾದರೂ ಬಳ್ಳೊಳ್ಳಿಯ ವಾಸನೆ ಹೋಗಿಲ್ಲ. ಅದರ ಹಿಂದೆ ಸಣ್ಣಗೆ ಕಟ್ಟಿಗೆ ಒಲೆಯ ಹೊಗೆ. ಸವಣೂರಿನ ನಮ್ಮ ಮನೆಗೆ ಬಳ್ಳೊಳ್ಳಿಯ ವಾಸನೆ ಬಂದರೆ ಅದು ಪಕ್ಕದ ಮನೆಯ ಒಗ್ಗರಣೆಯದೇ ಆಗಿರಬೇಕು. ನಾನು ಹುಟ್ಟಿದಾಗಿನಿಂದ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟದ ಮನೆ ಇದು. ಆ ತುಂಡಾದರೋ ನಮ್ಮ ದೇವರ ಸಂಪುಟಕ್ಕೆ ಸುತ್ತುತ್ತಿದ್ದ ಮಡಿಬಟ್ಟೆ. ನಾನೇ ಎರಡು ಸಲ ಒಗೆದು ಒಣಗಿಸಿದ್ದೆ. ವಾಸನೆ ಹೋಗಲಿಲ್ಲ, ಆ ವರ್ಷದ ನನ್ನ ಸಿಟ್ಟೂ ಹೋಗಿಲ್ಲ.

ಆಗ ನಾನು ಶಿಗ್ಗಾಂವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ, ಈಗಲೂ ಅದೇ. ಸವಣೂರಿನಿಂದ ದಿನಾ ಒಂಬತ್ತರ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಮನೆಯಲ್ಲಿ ನಾನು ಮತ್ತು ಅವ್ವ. ಸಂಸ್ಕೃತ ಮಾಸ್ತರರಾಗಿದ್ದ ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನಾದ ತಮ್ಮ ಗುರುರಾಜನಿಗೆ ಕೃಷಿ ಇಲಾಖೆಯಲ್ಲಿ ಕೆಲಸ. ಆ ವರ್ಷ ಮುಂಗಾರು ಬೀಳುವ ಮೊದಲೇ ಅವನಿಗೆ ಹಿರೇಕೆರೂರಿಗೆ ವರ್ಗವಾಯಿತು. ವರ್ಗವಾದದ್ದು ಅವನೊಬ್ಬನಿಗಲ್ಲ, ನಮ್ಮ ದೇವರಿಗೂ.

ಅದು ಹೀಗೆ. ಸಂಪುಟವೆಂದರೆ ಅಂಗೈ ಮೇಲೆ ಕೂಡುವಷ್ಟು ದೊಡ್ಡ ತಾಮ್ರದ ಡಬ್ಬಿ. ಅದರೊಳಗೆ ಮೂರು ಸಾಲಿಗ್ರಾಮ, ಹೆಬ್ಬೆರಳಿನಷ್ಟೆತ್ತರದ ಒಬ್ಬ ಕೃಷ್ಣ. ನಮ್ಮಲ್ಲಿ ಪೂಜೆ ಮಾಡುವ ಗಂಡಸು ಎಲ್ಲಿರುತ್ತಾನೋ ದೇವರು ಅಲ್ಲಿ. ಅಪ್ಪನಿದ್ದಾಗ ಅಪ್ಪನ ಜೊತೆ, ಅಪ್ಪನ ನಂತರ ಮಗನ ಜೊತೆ. ಪೂಜೆಯಾಗಿ ನೈವೇದ್ಯವಾಗುವವರೆಗೆ ಅವ್ವ ಊಟ ಮಾಡುವುದಿಲ್ಲ. ಅಪ್ಪನ ಕಾಲದಲ್ಲಿ ಎಂಟಕ್ಕೆಲ್ಲ ಅದು ಮುಗಿಯುತ್ತಿದ್ದುದರಿಂದ ಯಾರಿಗೂ ತೊಂದರೆಯಿರಲಿಲ್ಲ. ಈಗ ಅವ್ವನಿಗೆ ಅರವತ್ತಾರು ವರ್ಷ, ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಗುಳಿಗೆ, ಅದರ ಬೆನ್ನಿಗೆ ಊಟ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಏಕಾದಶಿಯನ್ನಾದರೂ ಬಿಡಿ ಎಂದು ಬೈದು ಬೈದು ಅವರೇ ಸುಮ್ಮನಾಗಿದ್ದರು.

ಸಂಪುಟ ಹಿರೇಕೆರೂರಿಗೆ ಹೊರಡುವ ಹಿಂದಿನ ದಿನ ನಾನು ಕೇಳಿದೆ. "ದೇವರು ಇಲ್ಲೇ ಇರಲಿ ಅವ್ವ. ಪೂಜಾ ನಾ ಮಾಡ್ತೇನಿ. ಒಂಬತ್ತರ ಬಸ್ಸಿಗೆ ಹೋಗೂದರೊಳಗ ಮುಗಸ್ತೇನಿ."

"ಸಾಲಿಗ್ರಾಮ ಹೆಣ್ಮಕ್ಕಳು ಮುಟ್ಟೋ ಹಂಗಿಲ್ಲ. ಗೊತ್ತಿದ್ದೂ ಕೇಳ್ತೀ."

"ಯಾಕ ಹಂಗಿಲ್ಲ?"

"ನಿಮ್ಮಪ್ಪನ್ನ ಕೇಳಬೇಕಿತ್ತು. ನಾ ಕೇಳಲಿಲ್ಲ, ನೀನೂ ಕೇಳಲಿಲ್ಲ. ಈಗ ಮುಗೀತು."

ಮುಗಿಯಿತು. ಒಂದು ಒಪ್ಪಂದವಾಯಿತು. ಗುರು ಅಲ್ಲಿ ಪೂಜೆ ಮುಗಿಸಿ "ಅವ್ವಾ, ನೈವೇದ್ಯ ಆತು" ಎಂದು ಫೋನು ಮಾಡಬೇಕು, ಇಲ್ಲಿ ಅವ್ವ ಗುಳಿಗೆ ನುಂಗಿ ಉಣ್ಣಬೇಕು. ಆಷಾಢದ ಏಕಾದಶಿಯಿಂದ ಚಾತುರ್ಮಾಸ ಬೇರೆ. ಸ್ವಾಮಿಗಳೇ ಆ ನಾಲ್ಕು ತಿಂಗಳು ಊರು ಬಿಟ್ಟು ಕದಲುವುದಿಲ್ಲ, ದೇವರನ್ನು ಬಸ್ಸಿನಲ್ಲಿ ಅಲೆದಾಡಿಸುವುದೇ ಎಂದು ಅವ್ವ ತನ್ನದೇ ಒಂದು ಕಟ್ಟಳೆ ಮಾಡಿದಳು. ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ ಸಂಪುಟ ಹಿರೇಕೆರೂರಿನಲ್ಲೇ, ಅದರ ಜೊತೆ ಗುರುವೂ. ಒಂದು ಭಾನುವಾರಕ್ಕೂ ಬರಬೇಡ ಎಂದಳು. ಅವನು ಬಹಳ ವಿನಯದಿಂದ ತಲೆಯಾಡಿಸಿದ. ಆ ವಿನಯ ನೋಡಿಯಾದರೂ ನನಗೆ ಸಂಶಯ ಬರಬೇಕಿತ್ತು.

ಅದೇ ಮಳೆಗಾಲದಲ್ಲಿ ನನ್ನ ತಲೆಗೆ ಇನ್ನೊಂದು ಕೆಲಸ ಬಿದ್ದಿತ್ತು. ಬಿ.ಎ. ಹುಡುಗರಿಗೆ ಪ್ರಾಚೀನ ರೋಮಿನ ಮೇಲೆ ಕನ್ನಡದಲ್ಲೊಂದು ಪಠ್ಯ ಬರಬೇಕೆಂದು ಹಿರಿಯ ಪ್ರಾಧ್ಯಾಪಕರೊಬ್ಬರು ಸಂಪಾದಕರಾಗಿ ಕೂತಿದ್ದರು. ಯುದ್ಧ, ಚಕ್ರವರ್ತಿ, ಕಾನೂನು ಎಂಬ ಒಳ್ಳೊಳ್ಳೆಯ ಅಧ್ಯಾಯಗಳನ್ನೆಲ್ಲ ಅವರವರು ಹಂಚಿಕೊಂಡು, ಯಾರಿಗೂ ಬೇಡವಾದ 'ರೋಮನ್ ಮನೆಗಳಲ್ಲಿ ದೇವರ ಪೂಜೆ' ಎಂಬುದನ್ನು ನನ್ನ ಕಡೆ ತಳ್ಳಿದರು. ಹೆಣ್ಣುಮಗಳು, ಮನೆಯ ವಿಷಯ ಚೆನ್ನಾಗಿ ಬರೀತಾಳೆ ಎಂದರಂತೆ. ಅದನ್ನು ನನಗೆ ಹೇಳಿದವರು ಹೊಗಳಿಕೆ ಎಂದೇ ತಿಳಿದು ಹೇಳಿದರು.

ಸಿಟ್ಟಿನಲ್ಲೇ ಓದಲು ಶುರುಮಾಡಿದೆ, ಆಮೇಲೆ ಬಿಡಲಾಗಲಿಲ್ಲ. ಬೆಂಕಿಬೆಟ್ಟದ ಬೂದಿಯಲ್ಲಿ ಹೂತುಹೋಗಿ ಹಾಗೆಯೇ ಉಳಿದ ಪೊಂಪೆಯಿ ಎಂಬ ಊರಿನಲ್ಲಿ ಮನೆಮನೆಗೂ ದೇವರ ಗೂಡು. ಸಾಹುಕಾರರ ಮನೆಯಲ್ಲಿ ನಡುಮನೆಗೇ ಕಾಣುವಂತೆ ಅಮೃತಶಿಲೆಯ ಪುಟ್ಟ ಗುಡಿ, ಬಂದವರು ನೋಡಲಿ ಎಂದು. ಆದರೆ ಎಷ್ಟೋ ಮನೆಗಳಲ್ಲಿ ದೇವರಿರುವುದು ಅಡಿಗೆಮನೆಯಲ್ಲಿ, ಒಲೆಯ ಹತ್ತಿರ, ಮಸಿ ಹಿಡಿದ ಗೋಡೆಯ ಮೇಲೆ. ಲಾರ್ ಎಂಬ ಮನೆಕಾಯುವ ದೇವರು ಮೊಳಕಾಲಿನವರೆಗೆ ಅಂಗಿ ತೊಟ್ಟು ಕುಣಿಯುತ್ತಿರುತ್ತಾನೆ, ಇಬ್ಬಿಬ್ಬರು. ನಡುವೆ ತಲೆಗೆ ಮುಸುಕು ಹಾಕಿಕೊಂಡ ಮನೆಯ ಯಜಮಾನನ ರೂಪ. ಕೆಳಗೆ ಎರಡು ಹಾವು. ಉಗ್ರಾಣಕ್ಕೆ ಬೇರೆ ದೇವರು, ಒಲೆಯ ಬೆಂಕಿಗೆ ಒಬ್ಬ ದೇವಿ. ದಿನದ ಊಟದಲ್ಲಿ ಒಂದು ಪಾಲು ಅವರಿಗೆ.

ಸಂಜೆ ಅವ್ವ ಅಕ್ಕಿ ಆರಿಸುತ್ತ ಕೂತಾಗ ನಾನು ಓದಿದ್ದನ್ನೆಲ್ಲ ಅವಳ ಮುಂದೆ ಒಪ್ಪಿಸುತ್ತಿದ್ದೆ.

"ಅವರೂ ಮಡಿ ಉಡ್ತಿದ್ರೇನು?" ಎಂದಳು ಒಮ್ಮೆ.

"ಕೈ ತೊಳಕೋತಿದ್ರು, ತಲಿಗೆ ಸೆರಗು ಹಾಕ್ಕೋತಿದ್ರು. ಧೂಪ, ಹೂವು, ದ್ರಾಕ್ಷಾರಸ. ಹಬ್ಬಕ್ಕ ಹಂದಿ."

"ರಾಮ ರಾಮ. ಸಂಜಿ ಹೊತ್ತಿನಾಗ ಏನು ಹೇಳ್ತೀ."

"ಇದನ್ನ ಕೇಳು. ಊಟದ ನಡುವ ದೇವರ ಪಾಲು ತೆಗೆದು ಒಲಿಗೆ ಹಾಕಬೇಕು. ಹಾಕಿದಾಂವ ಬಂದು 'ದೇವರು ಪ್ರಸನ್ನ ಆಗ್ಯಾರ' ಅಂತ ಹೇಳೂತನಕ ಎಲ್ಲಾರೂ ಗಪ್ ಕೂಡಬೇಕು. ಆಮ್ಯಾಲೆ ಮುಂದಿನ ಊಟ."

ಅವ್ವನ ಕೈ ನಿಂತಿತು. "ಅಂದ್ರ ಅವರದೂ ನಮ್ಮ ಹಂಗನ. ಹೇಳೋರು ಬೇಕು," ಎಂದಳು.

ಹೇಳುವವನು ನಮ್ಮ ಗುರು. ಒಂಬತ್ತು, ಒಂಬತ್ತೂವರೆಗೆ ಅವನ ಫೋನು ಬರುತ್ತಿತ್ತು. ಚಾತುರ್ಮಾಸದಲ್ಲಿ ತಿಂಗಳಿಗೊಂದು ಬಿಡಬೇಕು. ಮೊದಲ ತಿಂಗಳು ಶಾಕವ್ರತ, ಮನೆಯಲ್ಲಿ ತರಕಾರಿಯಿಲ್ಲ. ಎರಡನೆಯ ತಿಂಗಳು ಮೊಸರಿಲ್ಲ. ನಾವು ಬಿಟ್ಟದ್ದನ್ನು ದೇವರಿಗೂ ನೈವೇದ್ಯ ಮಾಡುವಂತಿಲ್ಲ. ಅವ್ವ ಪ್ರತಿ ತಿಂಗಳ ಮೊದಲ ದಿನ ಫೋನಿನಲ್ಲಿ ಅವನಿಗೆ ನೆನಪಿಸುವಳು. "ಹೂಂನವ್ವ, ನನಗ ಗೊತ್ತಿಲ್ಲೇನು," ಎಂದು ಅವನು ಅನ್ನುವನು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಸವಣೂರಿನ ಓಣಿಗಳೆಲ್ಲ ರಾಡಿ, ಎಲೆತೋಟದ ಕಡೆಯ ದಾರಿಯಂತೂ ನಡೆಯುವ ಹಾಗಿರಲಿಲ್ಲ. ಒಂದು ದಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಪಕ್ಕದ ಮನೆಯವರ ಫೋನು ಬಂತು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಬಿದ್ದಿದ್ದಳು. ಹಿರೇಕೆರೂರಿನ ಕಡೆ ಮಳೆಗೆ ಫೋನು ಹತ್ತುತ್ತಿರಲಿಲ್ಲ. ಹನ್ನೊಂದೂವರೆಯಾದರೂ ಸುದ್ದಿಯಿಲ್ಲವೆಂದು, ಫೋನು ಬಂದೇ ಬರುತ್ತದೆಂದು ಬೆಳಿಗ್ಗೆಯೇ ಗುಳಿಗೆ ನುಂಗಿದ್ದವಳು ಖಾಲಿ ಹೊಟ್ಟೆಯಲ್ಲಿ ಜಪ ಮಾಡುತ್ತ ಕೂತಿದ್ದಳು. ನಾನು ಬಸ್ಸು ಹಿಡಿದು ಮನೆ ಮುಟ್ಟುವ ಹೊತ್ತಿಗೆ ಯಾರೋ ಸಕ್ಕರೆ ನೀರು ಕುಡಿಸಿ ಕೂರಿಸಿದ್ದರು. ಕುಡಿಸಿದ್ದಕ್ಕೆ ಅವಳಿಗೆ ಬೇಸರ. "ನೈವೇದ್ಯ ಆಗಿತ್ತೋ ಇಲ್ಲೋ," ಎಂದು ಅದೇ ಚಿಂತೆ.

ಆ ರಾತ್ರಿ ಅಧ್ಯಾಯದಲ್ಲಿ ಒಂದು ಪುಟ ಹೆಚ್ಚಾಯಿತು. ರೋಮನ್ ಸಾಹುಕಾರ ಪಟ್ಟಣದಲ್ಲಿದ್ದರೆ ಅವನ ಹೊಲಮನೆ ನೋಡಿಕೊಳ್ಳುವವನ ಹೆಂಡತಿ, ಅವಳು ಆಳೇ, ಹಬ್ಬದ ದಿನಗಳಲ್ಲಿ ಒಲೆಗೆ ಹೂಮಾಲೆ ಹಾಕಿ ಮನೆದೇವರನ್ನು ಬೇಡಿಕೊಳ್ಳುತ್ತಿದ್ದಳು. ಯಜಮಾನನ ಅಪ್ಪಣೆಯಿಲ್ಲದೆ ಅದಕ್ಕಿಂತ ಹೆಚ್ಚಿನ ಪೂಜೆ ಮಾಡಕೂಡದೆಂದು ಅವಳಿಗೆ ತಾಕೀತೂ ಇತ್ತು. ಎರಡನ್ನೂ ಬರೆದೆ. ಸಂಪಾದಕರು ವಾರದೊಳಗೆ ಫೋನು ಮಾಡಿದರು.

"ಮೇಡಂ, ನಾ ಓದಾಕತ್ತಿದ್ದು ರೋಮೋ ಸವಣೂರೋ ತಿಳೀವಲ್ದು. ಮನಿ ಯಜಮಾನ ಪೂಜಾ ಮಾಡ್ತಿದ್ದ ಅಂತ ಬರೀರಿ, ಸಾಕು. ಈ ಆಳಿನ ಹೆಂಡ್ತಿ, ಅಡಿಗಿಯವರು, ಇವರೆಲ್ಲಾ ಯಾಕ?"

"ಅವರೂ ಮಾಡ್ತಿದ್ರು ಸರ್."

"ಮಾಡ್ತಿರಬಹುದ್ರಿ. ಪರೀಕ್ಷಾದಾಗ ಕೇಳೂದಿಲ್ಲ."

ಎರಡು ಸಾವಿರ ವರ್ಷದ ಹಿಂದಿನ ಪರದೇಶದ ಒಲೆಗೆ ಯಾರು ಯಾವತ್ತು ಹೂ ಏರಿಸುತ್ತಿದ್ದರು ಎಂಬುದು ನನಗೆ ಗೊತ್ತು. ನನ್ನ ತಾಯಿ ಹಸಿದು ಬಿದ್ದರೆ ನನ್ನ ಮನೆಯ ದೇವರಿಗೆ ಒಂದು ಎಸಳು ತುಳಸಿ ಹಾಕಿ "ಆಯಿತು, ಉಣ್ಣು" ಎನ್ನುವ ಅಧಿಕಾರವಿಲ್ಲ. ಆ ಮಳೆಗಾಲವೆಲ್ಲ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಾನು ಇದೇ ಲೆಕ್ಕ ಹಾಕುತ್ತಿದ್ದೆ.

ಮೂರನೆಯ ತಿಂಗಳು ಕ್ಷೀರವ್ರತ, ಹಾಲಿಲ್ಲದ ತಿಂಗಳು. ಅದರ ನಡುವೆ ಬಂದ ಏಕಾದಶಿಯ ದಿನ ಕಾಲೇಜಿಗೆ ರಜೆಯಿತ್ತು. ಅವ್ವ ತುಳಸಿಕಟ್ಟೆಯ ಹತ್ತಿರ ಇದ್ದಳು, ಫೋನು ನಾನು ಎತ್ತಿದೆ. ಅವಸರದಲ್ಲಿದ್ದ ಗುರು, ನನ್ನ ದನಿ ಕೇಳುವ ಮೊದಲೇ "ಅವ್ವಾ, ನೈವೇದ್ಯ ಆತು" ಎಂದು ಇಟ್ಟುಬಿಟ್ಟ.

ನಾನು ಫೋನು ಹಿಡಿದು ನಿಂತೇ ಇದ್ದೆ. ಏಕಾದಶಿಯ ದಿನ ನಮ್ಮಲ್ಲಿ ದೇವರಿಗೆ ನೈವೇದ್ಯವೇ ಇಲ್ಲ. ಹಿಂದಿನ ಏಕಾದಶಿಗಳಂದು ಗುರು ಫೋನು ಮಾಡಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ನಮಗೆ ಉಪವಾಸ, ದೇವರಿಗೂ ಉಪವಾಸ. ಮುಂಜಿಯಾದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಬೆಳಿಗ್ಗೆ ಸಂಪುಟ ತೆಗೆದು ಪಂಚಾಂಗ ನೋಡಿ ಸಂಕಲ್ಪ ಮಾಡುವವನ ಬಾಯಲ್ಲಿ ಈ ಮಾತು ಬರುವುದು ಸಾಧ್ಯವೇ ಇರಲಿಲ್ಲ.

"ಯಾರು?" ಎಂದಳು ಅವ್ವ ಒಳಗೆ ಬರುತ್ತ.

"ಯಾರೋ ಬ್ಯಾಂಕಿನವರು," ಎಂದೆ.

ಫೋನಿನಲ್ಲಿ ಕೇಳಿದರೆ ಏನಾದರೊಂದು ಹೇಳಿ ಜಾರಿಕೊಳ್ಳುತ್ತಾನೆ. ಆ ಭಾನುವಾರ ಕಾಲೇಜಿನ ಕೆಲಸವೆಂದು ಹೇಳಿ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಬೇಕಾಯಿತು. ಅಲ್ಲಿಂದ ಹಂಸಭಾವಿ ದಾಟುವವರೆಗೂ ಎರಡೂ ಕಡೆ ಆಳೆತ್ತರದ ಗೊಂಜಾಳದ ಹೊಲ. ಕಂಡಕ್ಟರು ಚಿಲ್ಲರೆಗೆ ಜಗಳಾಡಿದ, ನಾನೂ ಆಡಿದೆ. ಹಿರೇಕೆರೂರಿನ ಒಂದು ಓಣಿಯಲ್ಲಿ ಗುರುವಿನ ಬಾಡಿಗೆ ಕೋಣೆ. ಹೆಂಚಿನ ಮನೆ, ಮುಂದೆ ಎಮ್ಮೆ ಕಟ್ಟಿತ್ತು. ಮನೆಯೊಡತಿ ನೀಲವ್ವ ಐವತ್ತು ದಾಟಿದ ಒಕ್ಕಲುತನದ ಹೆಂಗಸು, ಸಗಣಿಯ ಕೈ ತೊಳೆಯುತ್ತಲೇ ಹೊರ ಬಂದಳು.

"ಸಾಹೇಬ್ರ ಅಕ್ಕಾರಲ್ರಿ ನೀವು? ಮುಖ ಹಂಗ ಐತಿ. ಬರ್ರಿ, ಒಳಗ ಕುಂದರ್ರಿ. ಸಾಹೇಬ್ರು ಅಬಲೂರಿಗೆ ಹೋಗ್ಯಾರ, ಗೊಂಜಾಳಕ್ಕ ಹುಳ ಬಿದ್ದೈತಂತ."

ಚಹಾ ಕುದಿಸಲೆಂದು ಅಡಿಗೆಮನೆಗೆ ಹೋದಳು. ಬೆನ್ನಿಗೇ ನಾನೂ ಹೋದೆ. ಒಲೆಯ ಪಕ್ಕದ ಮೂಲೆಯಲ್ಲಿ ಸಾರಿಸಿದ ಮಣ್ಣಿನ ಜಗಲಿ. ಒಕ್ಕಲುತನದ ಮನೆಗಳಲ್ಲಿ ದೇವರಿಗೆ ಬೇರೆ ಕೋಣೆಯಿರುವುದಿಲ್ಲ, ಈ ಜಗಲಿಯೇ ದೇವರ ಮನೆ. ಅದರ ಮೇಲೆ ಅವಳ ಮನೆತನದ ಹಿತ್ತಾಳೆಯ ದೇವರುಗಳು ಸಾಲಾಗಿ ಕೂತಿದ್ದರು. ಸಾಲಿನ ಕೊನೆಗೆ, ಅರಿಷಿಣ ಮೆತ್ತಿಕೊಂಡು, ಚೆಂಡುಹೂ ಏರಿಸಿಕೊಂಡು, ನಮ್ಮ ಕೃಷ್ಣ. ಅವನ ಕಾಲ ಬಳಿ ಮೂರು ಸಾಲಿಗ್ರಾಮ. ಮುಂದೆ ಒಂದು ಬಟ್ಟಲು ಎಮ್ಮೆಯ ಹಾಲು.

ಮಸಿ ಹಿಡಿದ ಗೋಡೆ, ಒಲೆ, ಸಾಲಾಗಿ ಸಣ್ಣ ಸಣ್ಣ ದೇವರು. ಮೂರು ತಿಂಗಳಿಂದ ನಾನು ಚಿತ್ರಗಳಲ್ಲಿ ನೋಡಿ ಬರೆಯುತ್ತಿದ್ದ ಮನೆ ಇದು. ಎರಡು ಹಾವು ಮಾತ್ರ ಇರಲಿಲ್ಲ.

"ಬಂದ ವಾರದಾಗ ಆ ಡಬ್ಬಿ ಟ್ರಂಕಿನ ಮ್ಯಾಲ ಇತ್ರಿ," ಎಂದಳು ನೀಲವ್ವ ನನ್ನ ಮುಖ ನೋಡಿ. "ಇದೇನ್ರಿ ಸಾಹೇಬ್ರ ಅಂದೆ. ದೇವರ ಅಂದ್ರು. ದೀಪಿಲ್ಲ, ಹೂವಿಲ್ಲ. ಅವರಿಗಾದ್ರೂ ಎಲ್ಲಿ ಪುರಸೊತ್ತೈತಿ, ಬೆಳಕು ಹರಿಯೂದರಾಗ ಬೀಜಾ ಗೊಬ್ಬರಾ ಅಂತ ಮಂದಿ ಬಂದು ಬಾಗಲಾ ಬಡೀತಾರ. ನಮ್ಮ ಮನ್ಯಾಗ ದೇವರು ಉಪವಾಸ ಕುಂತ್ರ ನನಗ ತುತ್ತು ಇಳೀತೈತೇನ್ರಿ? ತಂದು ನಮ್ಮ ದೇವರ ಬಾಜೂಕ ಕುಂದ್ರಿಸಿದೆ."

"ಎಡಿ ಏನು ಕೊಡ್ತೀರಿ?"

"ನಾವು ಉಂಡದ್ದರಿ. ಮೊದಲಿಗೆ ಹೀರಿಕಾಯಿ, ಬದನಿಕಾಯಿ ಬೆಳದಿದ್ದು. ಹೋದ ತಿಂಗಳ ದಿನಾ ಮೊಸರು. ಈಗ ಎಮ್ಮಿ ಈದೈತಿ, ಹಾಲಿಗೆ ಬರ ಇಲ್ಲ. ಎಡಿ ಹಿಡದ ಕೂಡ್ಲೇ ಸಾಹೇಬ್ರಿಗೆ ಫೋನ್ ಹಚ್ತೇನಿ. ಅವ್ವಾರು ಅಲ್ಲಿ ಹಾದಿ ನೋಡ್ತಾರಂತಲ್ರಿ, ಉಣ್ಣಾಕ."

ತರಕಾರಿಯಿಲ್ಲದ ತಿಂಗಳು ತರಕಾರಿ, ಮೊಸರಿಲ್ಲದ ತಿಂಗಳು ಮೊಸರು, ಹಾಲಿಲ್ಲದ ತಿಂಗಳು ಹಾಲು. ಒಂದನ್ನೂ ತಪ್ಪಿಸದೆ ಎಲ್ಲ ವ್ರತವನ್ನೂ ಕೆಡಿಸಿದ್ದಳು. ಅವಳ ಫೋನು ಹೋಗಿ, ಗುರುವಿನ ಫೋನು ಬಂದು, ಸವಣೂರಿನಲ್ಲಿ ನಮ್ಮವ್ವ ಉಣ್ಣುತ್ತಿದ್ದಳು. ನನಗೆ ನಗು ಬರಬೇಕಿತ್ತು, ಅಳು ಬಂತು.

"ತಪ್ಪಾತೇನ್ರಿ ಅಕ್ಕಾರ?" ಎಂದಳು.

"ಇಲ್ರಿ," ಎಂದೆ. ಹೌದೆನ್ನಲು ಬಾಯಿ ಬರಲಿಲ್ಲ.

ಮಧ್ಯಾಹ್ನ ಗುರು ಬಂದ, ಮೊಳಕಾಲಿನವರೆಗೆ ಕೆಸರು. ನನ್ನನ್ನು ಕಂಡವನೇ ಕಟ್ಟೆಯ ಮೇಲೆ ಕೂತುಬಿಟ್ಟ. "ಮೊದಲ ನಾಕು ದಿನ ಮಾಡಿದೆ ಅಕ್ಕಾ. ಆಮ್ಯಾಲೆ ಆಗಲಿಲ್ಲ."

"ಮತ್ತ ಸುಳ್ಳು ಯಾಕ ಹೇಳಿದಿ?"

"ಸುಳ್ಳೆಲ್ಲಿ ಹೇಳಿದೆ? ನೈವೇದ್ಯ ಆತು ಅಂದೇನಿ, ನಾ ಮಾಡಿದೆ ಅಂದಿಲ್ಲ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಅಷ್ಟು ಶಾಸ್ತ್ರ ಮಾತ್ರ ಅವನಿಗೆ ಅಪ್ಪನಿಂದ ಬಂದಿತ್ತು. ಓಣಿಯವರು ಕೇಳುವಂತೆ ಬೈದೆ. ಅವನು ತಲೆ ತಗ್ಗಿಸಿಕೊಂಡೇ ಎಲ್ಲ ಕೇಳಿದ. ಕೊನೆಗೆ ಒಂದೇ ಮಾತು ಹೇಳಿದ. "ಆತು ಅನ್ನಲಿಲ್ಲಂದ್ರ ಆಕಿ ಉಪವಾಸ ಕುಂದರ್ತಾಳ. ನೀನ ಹೇಳು, ಏನು ಮಾಡಲಿ?"

 ಸಂಪುಟ ಎತ್ತಿಕೊಂಡು ಬಂದರೆ ಅವ್ವನಿಗೆ ತಿಳಿಯುತ್ತದೆ, ತಿಳಿದರೆ ಅವಳು ಅನ್ನ ಬಿಡುತ್ತಾಳೆ. ಬಿಟ್ಟು ಬಂದರೆ ನಾನೂ ಕಳ್ಳಿ. ಬಿಟ್ಟು ಬಂದೆ. ದ್ವಾದಶಿಗೆ ತರುವ ಮೊದಲು ದೇವರನ್ನು ಚೆನ್ನಾಗಿ ತೊಳೆದು, ಅರಿಷಿಣದ ಗುರುತಿಲ್ಲದಂತೆ ತಾ ಎಂದು ಗುರುವಿಗೆ ಹೇಳಿದೆ. ಅಂದು ಸಂಜೆ ಅವ್ವ ಊಟಕ್ಕೆ ಕೂತು, "ಗುರುಗ ಫೋನ್ ಮಾಡಿದ್ದೇನು? ಪೂಜಾ ಸಾಂಗ ನಡದದನ?" ಎಂದಳು. "ನಡದದ," ಎಂದೆ. ಅದೂ ಸುಳ್ಳಲ್ಲ.

ಉತ್ಥಾನ ದ್ವಾದಶಿಯ ಹಿಂದಿನ ಸಂಜೆ ಗುರು ಸಂಪುಟ ತಂದ. ಮಡಿಬಟ್ಟೆ ಸುತ್ತಿದ ಹಾಗೆಯೇ ದೇವರ ಮನೆಯ ಗೂಡಿನಲ್ಲಿಟ್ಟ. ಅವ್ವ ಅಂದು ಏಕಾದಶಿಯ ಉಪವಾಸ. ಮರುದಿನ ಬೆಳಗಾಗುವುದರೊಳಗೆ ಪೂಜೆಯಾಗಿ, ಉಪವಾಸ ಬಿಡುವ ಪಾರಣೆಯಾಗಬೇಕು. ನಸುಕಿನಲ್ಲೇ ಪಾರಣೆಯ ಎಲೆಗೆಂದು ಓಣಿಯ ಆಚಾರ್ಯರೂ ಬಂದು ಕೂತಿದ್ದರು. ಅವ್ವ ಮಡಿಯುಟ್ಟು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ನಾಲ್ಕು ತಿಂಗಳ ಮೇಲೆ ದೇವರ ಮುಖ ನೋಡಲು. ಗುರು ಬಟ್ಟೆ ಬಿಚ್ಚಿ ಮುಚ್ಚಳ ತೆಗೆದ.

ದೇವರ ಮೇಲೆ ಮುತ್ತುಗದ ಎಲೆಯ ಒಂದು ಪೊಟ್ಟಣ. ಎಲೆ ಬಾಡಿ ಬಾಯಿ ಬಿಟ್ಟಿತ್ತು. ಒಳಗೆ ನಾಲ್ಕು ಮಡಿಕೆ ಮಾಡಿದ ಸಜ್ಜೆ ರೊಟ್ಟಿಯ ತುಂಡು, ಶೇಂಗಾ ಚಟ್ನಿ. ಬಳ್ಳೊಳ್ಳಿಯ ವಾಸನೆ ಸುಮ್ಮನೆ ಎದ್ದು ಮನೆ ತುಂಬಿತು. ಆಚಾರ್ಯರು ಮಣೆ ಬಿಟ್ಟು ಹಿಂದೆ ಸರಿದರು.

"ಏನದು?" ಎಂದಳು ಅವ್ವ.

ಗುರು ನನ್ನ ಕಡೆ ನೋಡಿದ. ದೇವರನ್ನು ತೊಳೆದೇ ತಂದಿದ್ದ, ಪಾಪ. ಇವನು ಗಾಡಿಗೆ ಚೀಲ ಕಟ್ಟುವ ಹೊತ್ತಿನಲ್ಲಿ ನೀಲವ್ವ ಮತ್ತೆ ಮುಚ್ಚಳ ತೆಗೆದಿದ್ದಳು.

"ಬುತ್ತಿ," ಎಂದೆ ನಾನೇ. "ದೇವರು ಊರಿಗೆ ಹೊಂಟಾರಂತ ಹಾದಿಗೆ ಕಟ್ಟಿ ಕೊಟ್ಟಾಳ."

"ಯಾರು?"

ಎಲ್ಲ ಹೇಳಿದೆ. ಆಚಾರ್ಯರ ಎದುರೇ ಹೇಳಿದೆ. ಅವ್ವ ನಡುವೆ ಎರಡೇ ಮಾತು ಕೇಳಿದಳು. "ಆಕಿ ಬಳ್ಳೊಳ್ಳಿ ಹಾಕ್ತಾಳೇನು?" ಹಾಕುತ್ತಾಳೆ ಎಂದೆ. "ನಾಕೂ ತಿಂಗಳು?" ಹೂಂ ಎಂದೆ.

ದ್ವಾದಶಿಯ ಪಾರಣೆ ಬಿಡುವಂತಿಲ್ಲವೆಂದು ಮೊದಲೇ ಬಿಡಿಸಿಟ್ಟಿದ್ದ ತುಳಸಿ ಎಸಳೊಂದನ್ನು ನೀರಿನ ಜೊತೆ ನುಂಗಿ ಅವ್ವ ಗೋಡೆಗೆ ಒರಗಿ ಕೂತಳು. ಎಲೆಗಳು ಹಾಸಿದ ಹಾಗೆಯೇ ಇದ್ದವು. ಬಿಸಿಲೇರಿತು. ಶ್ರಾವಣದಂತೆ ಮತ್ತೆ ಬಿದ್ದಾಳೆಂದು ಸಕ್ಕರೆ ನೀರು ತಂದೆ. ಲೋಟ ಸರಿಸಿದಳು. ಆಗ ನನಗೆ ತಡೆಯಲಾಗಲಿಲ್ಲ.

"ಯಾರ ಮ್ಯಾಲ ನಿನ್ನ ಸಿಟ್ಟು? ಮಗಾ ಮಾಡಲಿಲ್ಲ, ಮಗಳಿಗೆ ಮಾಡಗೊಡಲಿಲ್ಲ. ಯಾರೋ ಒಬ್ಬಾಕಿ ನಾಕು ತಿಂಗಳು ನಿನ್ನ ದೇವರಿಗೆ ಉಣ್ಣಿಸ್ಯಾಳ. ಆಕಿ ಎಡಿ ಹಿಡದಾಳಂತ ನೀ ಉಂಡಿ. ನಿನ್ನ ಮೈಯಾಗಿರೋ ರಕ್ತ ಆಕಿ ಮಾತಿನ ಮ್ಯಾಲ ಉಂಡ ಅನ್ನದ್ದು. ಕುಡಿ ಇದನ್ನ."

ಹಾಗೆ ಮಾತಾಡಬಾರದಿತ್ತು. ಅವ್ವ ಎರಡು ಗುಟುಕು ಕುಡಿದಳು. ಲೋಟ ಕೆಳಗಿಟ್ಟು, "ಆ ಬುತ್ತಿ ಚೆಲ್ಲಬ್ಯಾಡ. ಆಕಳಿಗೆ ಹಾಕು. ಅನ್ನ ಅದು," ಎಂದಳು. ರೋಮನ್ನರೂ ದೇವರ ಊಟದಲ್ಲಿ ನೆಲಕ್ಕೆ ಬಿದ್ದದ್ದನ್ನು ಗುಡಿಸಿ ಎಸೆಯುತ್ತಿರಲಿಲ್ಲ, ಮನೆದೇವರ ಮುಂದೆ ಸುಡುತ್ತಿದ್ದರು. ಅದನ್ನು ಅವತ್ತು ಅವ್ವನಿಗೆ ಹೇಳಲಿಲ್ಲ.

ಆಚಾರ್ಯರು ಹೇಳಿದ ಶುದ್ಧಿಯೆಲ್ಲ ಆಯಿತು. ಆಮೇಲೆ ಅವ್ವ ತಾನೇ ನಿಶ್ಚಯ ಮಾಡಿ ಸಂಪುಟವನ್ನು ಮಠಕ್ಕೆ ಕೊಡಿಸಿದಳು. ಅಲ್ಲಿ ಹೊತ್ತು ಹೊತ್ತಿಗೆ ಪೂಜೆಯಾದರೂ ಆಗುತ್ತದೆ ಎಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮಡಿಬಟ್ಟೆ ಮಾತ್ರ ಹಿಂದೆ ಉಳಿಯಿತು, ವಾಸನೆಯಿರುವ ಬಟ್ಟೆಯನ್ನು ಮಠಕ್ಕೆ ಹೇಗೆ ಕೊಡುವುದು? ಅದೇ ವಾರ ಪಠ್ಯದ ಕರಡೂ ಬಂತು. ಒಲೆಗೆ ಹೂಮಾಲೆ ಹಾಕುವವಳ ಪುಟ ಇರಲಿಲ್ಲ. 'ಮನೆಯ ಯಜಮಾನನು ಪೂಜೆ ಮಾಡುತ್ತಿದ್ದನು' ಎಂದು ಅವರೇ ಬರೆದು ಮುಗಿಸಿದ್ದರು.

ದೇವರಿಲ್ಲದ ಮನೆಯಲ್ಲಿ ನೈವೇದ್ಯದ ಹಂಗಿಲ್ಲ, ಇನ್ನು ಅವ್ವ ಎಂಟಕ್ಕೇ ಉಣ್ಣಬಹುದು ಎಂದುಕೊಂಡೆ. ಆಗಲಿಲ್ಲ. ತಾಟಿನ ಮುಂದೆ ಕೂತರೆ ಅವಳ ಕೈ ಬಾಯಿಗೆ ಹೋಗದು. ಹತ್ತಾಗಲಿ ಎನ್ನುವಳು, ಹನ್ನೊಂದಾಗಲಿ ಎನ್ನುವಳು. ಸಕ್ಕರೆ ಒಂದು ದಿನ ಏರಿ ಒಂದು ದಿನ ಇಳಿಯುತ್ತಿತ್ತು. ಗೋಡೆಯ ಮೇಲಿನ ದೇವರ ಪಟಕ್ಕೆ ನಾನು ದೀಪ ಹಚ್ಚಿ, ಹೂ ಏರಿಸಿ, ಅನ್ನ ತೋರಿಸಿ, "ನೈವೇದ್ಯ ಆತವ್ವ, ಉಣ್ಣು" ಎಂದೆ. "ನೀ ಕಾಲೇಜಿಗೆ ಹೋಗು, ಬಸ್ ತಪ್ಪತದ," ಎಂದಳು.

ಮಾರ್ಗಶಿರದ ಒಂದು ಬೆಳಿಗ್ಗೆ, ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಫೋನು ಬಂತು. ಗುರುವಿನಿಂದ ನಂಬರು ತೆಗೆದುಕೊಂಡು ನೀಲವ್ವನೇ ಹಚ್ಚಿದ್ದಳು. ಅವ್ವ ಎತ್ತಿದಳು. ಆ ಕಡೆಯ ದನಿ ಬಾಗಿಲಿನವರೆಗೂ ಕೇಳುತ್ತಿತ್ತು.

"ಅವ್ವಾರ, ನಾ ಹಿರೇಕೆರೂರ ನೀಲವ್ವರಿ. ನಿಮ್ಮ ದೇವರು ಹೋದಾಗಿಂದ ಜಗಲಿ ಬಣಾ ಬಣಾ ಅಂತೈತಿ. ನೀವು ಹೊತ್ತಿಗಿ ಸರಿ ಉಣವಲ್ರಿ ಅಂತ ಸಾಹೇಬ್ರು ಅಂದ್ರು. ನಮ್ಮ ದೇವರಿಗೆ ಎಡಿ ಹಿಡದೇನ್ರಿ ಈಗ. ನೀವು ಉಣ್ರಿ, ಆಮ್ಯಾಲೆ ನಾ ಉಣ್ತೇನಿ."

 ಅವ್ವ ಈಗ ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ, ಕೇಳಿದಳು. "ಏನು ಮಾಡಿದ್ದೆವಾ ಇವತ್ತ?"

"ರೊಟ್ಟಿ, ಮೆಂತ್ಯಾಪಲ್ಲೆರಿ."

"ಹೂಂ," ಎಂದಳು ಅವ್ವ. ಫೋನು ಇಟ್ಟು ನನ್ನ ಕಡೆ ತಿರುಗಿ, "ತಾಟು ಹಾಕು," ಎಂದಳು.

ಆ ದಿನದಿಂದ ಇದೇ ನಡೆದಿದೆ. ಗುರುವಿಗೆ ಹಾನಗಲ್ಲಿಗೆ ವರ್ಗವಾಗಿ ಎರಡು ವರ್ಷವಾಯಿತು, ನೀಲವ್ವನ ಫೋನು ತಪ್ಪಿಲ್ಲ. ನನ್ನ ಸಿಟ್ಟೂ ತಪ್ಪಿಲ್ಲ. ಒಂದೇ ಸೂರಿನಡಿ ಮಗಳು ಹಚ್ಚಿದ ದೀಪ ಲೆಕ್ಕಕ್ಕಿಲ್ಲ, ಕಂಡರಿಯದ ಊರಿನ ಬಳ್ಳೊಳ್ಳಿಯ ಎಡೆ ಲೆಕ್ಕಕ್ಕಿದೆ. ಕೇಳಿದರೆ, "ಆಕಿ ದೇವರಿಗೆ ಆಕಿ ಮಾಡ್ತಾಳ, ಅದರಾಗ ತಪ್ಪೇನದ," ಎನ್ನುತ್ತಾಳೆ. ಅವಳ ಸಕ್ಕರೆ ಈಗ ಹದದಲ್ಲಿದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ.

ಮೊನ್ನೆ ನಾನು ಕೌದಿ ಇಳಿಸಿದ ದಿನ ಏಕಾದಶಿ. ಕಾಲೇಜಿಗೆ ರಜೆಯಿತ್ತು, ಹಾಗಾಗಿ ಒಂಬತ್ತರ ಹೊತ್ತಿಗೆ ಮನೆಯಲ್ಲಿದ್ದೆ. ಒಂದು ಬಟ್ಟಲು ಅವಲಕ್ಕಿಯನ್ನಾದರೂ ತಿನ್ನಿಸಬೇಕೆಂದು ಹಿಡಿದು ಬೆನ್ನು ಹತ್ತಿದ್ದೆ. ಅವಳು ಬೇಡವೆನ್ನುತ್ತಿದ್ದಳು. ರಜೆಯಿದ್ದ ಬೇರೆ ಏಕಾದಶಿಗಳಲ್ಲಿ ಅವಳು ಫೋನು ಹಿಡಿದು ತುಳಸಿಕಟ್ಟೆಗೆ ಹೋಗಿಬಿಡುತ್ತಿದ್ದಳು, ಅವತ್ತು ನಾನು ಬೆನ್ನು ಬಿಡಲಿಲ್ಲ. ಫೋನು ಬಂತು. ನೀಲವ್ವನಿಗೆ ಏಕಾದಶಿ ಯಾವತ್ತೂ ಗೊತ್ತಿಲ್ಲ.

"ಎಡಿ ಆತ್ರಿ ಅವ್ವಾರ. ಉಂಡ್ರೇನ್ರಿ?"

"ಹೂಂನವಾ," ಎಂದಳು ನಮ್ಮವ್ವ. "ಉಂಡೆ. ಈಗ ಎದ್ದೆ ನೋಡು."

ನಾನು ಬಟ್ಟಲು ಹಿಡಿದು ನಿಂತೇ ಇದ್ದೆ. ಜೀವಮಾನದಲ್ಲಿ ಅವಳ ಬಾಯಲ್ಲಿ ಸುಳ್ಳು ಕೇಳಿದವಳಲ್ಲ ನಾನು, ಅದೂ ಏಕಾದಶಿಯ ದಿನ. ತಿಂಗಳಿಗೆ ಎರಡರಂತೆ ಈ ನಾಲ್ಕು ವರ್ಷ ಎಷ್ಟು ಸಲ ಹೇಳಿದ್ದಾಳೋ.

"ಅವ್ವಾ, ಸುಳ್ಳು ಹೇಳಿದೆಲ್ಲ," ಎಂದೆ.

ಅವಳು ಜಪದ ಮಣಿ ಎತ್ತಿಕೊಂಡಳು.

"ಇಲ್ಲಂದ್ರ ಆಕಿ ಉಪವಾಸ ಕುಂದರ್ತಾಳ."